ಶನಿವಾರದ ಜ್ವರ

ಆಲೂಗೆಡ್ಡೆ ಕಡ್ಡಿ ಗರಿಗರಿಯಾಗಿಯೇ ಇರಬೇಕು ಅಂತ ಯಾವ ಮಹಾನುಭಾವ ಹೇಳಿದನೋ ನನಗೆ ಗೊತ್ತಿಲ್ಲ. ನನ್ನ ಮೊಮ್ಮಗಳು ವಿಜಯನಗರದ ಅಂಗಡಿಯಿಂದ ಬರ್ಗರ್ ತಂದಾಗಲೆಲ್ಲ ಜೊತೆಗೆ ಒಂದು ಕಾಗದದ ಡಬ್ಬಿಯಲ್ಲಿ ಫ್ರೈಸ್ ಅನ್ನುವುದನ್ನೂ ತರುತ್ತಾಳೆ. "ಅಜ್ಜಿ, ಬೇಗ ತಿನ್ನಿ, ಮೆತ್ತಗಾಗ್ಬಿಡುತ್ತೆ" ಅಂತ ಅವಸರ ಮಾಡುತ್ತಾಳೆ. ನಾನು ನನ್ನ ಪಾಲನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಅದರ ಮೇಲೊಂದು ಟವೆಲ್ ಸುತ್ತಿ, ಪಕ್ಕಕ್ಕಿಟ್ಟುಕೊಂಡು ಕೂರುತ್ತೇನೆ. ಅರ್ಧ ಗಂಟೆ ಮುಟ್ಟುವುದಿಲ್ಲ. ಅವಳು ಬಿದ್ದು ಬಿದ್ದು ನಗುತ್ತಾಳೆ. ನಗಲಿ ಬಿಡಿ, ಅವಳಿಗೇನು ಗೊತ್ತು.

ಬರ್ಗರ್ ಬಗ್ಗೆ ಕೇಳುತ್ತೀರಾ? ಬನ್ನು ಸಪ್ಪೆ. ಒಳಗಿನ ಬಿಲ್ಲೆಗೆ ಉಪ್ಪಿಲ್ಲ, ಹುಳಿಯಿಲ್ಲ. ಮಧ್ಯೆ ಒಂದು ಹಸಿ ಸೊಪ್ಪಿನ ಎಲೆ ಯಾಕೆ ಇಟ್ಟಿದ್ದಾರೋ ಆ ದೇವರಿಗೇ ಗೊತ್ತು. ನಾನು ಇದರ ಅಪ್ಪನಂಥದ್ದನ್ನು ಸಾವಿರದ ಒಂಬೈನೂರ ಐವತ್ತೈದರಲ್ಲೇ ತಿಂದವಳು. ಅದೂ ಕಂಬಳಿಯೊಳಗೆ, ಕದ್ದು.

ಆಗ ನನಗೆ ಹದಿನೆಂಟು. ಕೆಂಗೇರಿಯ ಹನುಮಂತಯ್ಯನವರ ಮಗಳು ಗಂಗಲಕ್ಷ್ಮಮ್ಮ ಅಂತ ನನ್ನನ್ನು ಹೊಸಹಳ್ಳಿಗೆ ಕೊಟ್ಟು ಆರು ತಿಂಗಳಾಗಿತ್ತು. ಈಗ ನೀವು ವಿಜಯನಗರ ಅನ್ನುವ ಜಾಗದಲ್ಲಿ ಆಗ ರಾಗಿ ಹೊಲ, ಹುಣಸೆ ಮರ, ಮಧ್ಯೆ ನಮ್ಮ ಹೆಂಚಿನ ಮನೆ. ಮನೆಯಲ್ಲಿ ಮೂರೇ ಜನ. ನಾನು, ನನ್ನ ಅತ್ತೆ ಅಕ್ಕಯ್ಯಮ್ಮ, ಅವರ ಒಬ್ಬನೇ ಮಗ, ಅಂದರೆ ನಮ್ಮ ಯಜಮಾನರು. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ನಮ್ಮ ಕಾಲದ ಕಟ್ಟಳೆ. ಅವರೀಗ ಇಲ್ಲ, ಕೇಳಿಸಿಕೊಳ್ಳುವುದೂ ಇಲ್ಲ, ಹೇಳಿಬಿಡುತ್ತೇನೆ. ಚನ್ನಕೇಶವ.

ಅವರು ಹೊಲ ಬಿಟ್ಟು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿದ್ದರು. ಬೆಳಗ್ಗೆ ಖಾಕಿ ಅಂಗಿ ಹಾಕಿಕೊಂಡು ಹೊಲದ ಬದುವಿನ ಮೇಲೆ ನಡೆದು, ಮಾಗಡಿ ರಸ್ತೆ ದಾಟಿ ಹೋಗುತ್ತಿದ್ದರು. ಶನಿವಾರ ಅರ್ಧ ದಿನ. ಆ ಕಾರ್ಖಾನೆಯ ಗೇಟಿನ ಎದುರು ಹೊಂಗೆ ಮರದ ಕೆಳಗೆ ಉಗ್ರಪ್ಪ ಅನ್ನುವವನ ತಳ್ಳುಗಾಡಿ ಇತ್ತು. ಹೆಸರು ಉಗ್ರಪ್ಪ, ಆದರೆ ನೊಣವನ್ನು ಓಡಿಸುವಾಗಲೂ ಮೆಲ್ಲಗೆ ಓಡಿಸುವ ಮನುಷ್ಯ ಅಂತ ಇವರು ಹೇಳುತ್ತಿದ್ದರು. ಅವನು ದಂಡಿನಲ್ಲಿ, ಅಂದರೆ ನೀವೀಗ ಕಂಟೋನ್ಮೆಂಟ್ ಅನ್ನುವ ಕಡೆ, ಇಂಗ್ಲಿಷ್ ದೊರೆಗಳ ಮನೆಯಲ್ಲಿ ಅಡುಗೆಗಿದ್ದವನು. ದೊರೆಗಳು ಹಡಗು ಹತ್ತಿದ ಮೇಲೆ ಕೆಲಸ ಹೋಗಿ, ಕಲಿತ ವಿದ್ಯೆಯನ್ನು ಗಾಡಿ ಮೇಲಿಟ್ಟುಕೊಂಡು ನಮ್ಮ ಕಡೆ ಬಂದಿದ್ದ.

ಅವನು ಮಾಡುತ್ತಿದ್ದದ್ದು ಒಂದೇ ತಿಂಡಿ. ಬನ್ನನ್ನು ಅಡ್ಡಕ್ಕೆ ಸೀಳಿ, ಕಾವಲಿಯ ಮೇಲೆ ಬೆಣ್ಣೆ ಸವರಿ ಬಿಸಿ ಮಾಡುವುದು. ಬೇಯಿಸಿದ ಆಲೂಗೆಡ್ಡೆಗೆ ಹಸಿಮೆಣಸು, ಶುಂಠಿ, ಕೊತ್ತಂಬರಿ ಹಾಕಿ ಹಿಸುಕಿ, ಬಿಲ್ಲೆ ತಟ್ಟಿ, ರವೆಯಲ್ಲಿ ಹೊರಳಿಸಿ ಕೆಂಪಗೆ ಕಾಯಿಸುವುದು. ಆ ಬಿಲ್ಲೆಯನ್ನು ಬನ್ನಿನೊಳಗಿಟ್ಟು, ಮೇಲೆ ಹಸಿ ಈರುಳ್ಳಿಯ ಚಕ್ರ, ಟೊಮೇಟೊ ಹಣ್ಣಿಗೆ ಬೆಲ್ಲ ಹುಣಸೆ ಹಾಕಿ ಕುದಿಸಿದ ಕೆಂಪು ಗೊಜ್ಜು. ಪಕ್ಕದಲ್ಲಿ ಒಂದು ಹಿಡಿ ಉದ್ದುದ್ದ ಹೆಚ್ಚಿ ಕಡಲೆಕಾಯೆಣ್ಣೆಯಲ್ಲಿ ಕರಿದ ಆಲೂಗೆಡ್ಡೆ ಕಡ್ಡಿ. ಕಾರ್ಖಾನೆಯವರು ಅದನ್ನು ದೊರೆ ಬನ್ನು ಅಂತ ಕರೆಯುತ್ತಿದ್ದರು.

ಇವರು ಸಂಜೆ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಾ ಇದನ್ನೆಲ್ಲ ನನಗೆ ವರ್ಣಿಸುತ್ತಿದ್ದರು. ಕೇಳಿ ಕೇಳಿ ನನ್ನ ಬಾಯಲ್ಲಿ ನೀರು ಬಂದು, ಒಂದು ದಿನ ತಡೆಯಲಾರದೆ, "ಹೇಳಿದ್ದು ಸಾಕು, ತಂದ್ಕೊಡಿ" ಅಂದೆ.

"ಅಯ್ಯೋ, ಅವ್ವ ನೋಡಿದ್ರೆ?" ಅಂದರು.

ಅವರ ಭಯ ಸುಳ್ಳಲ್ಲ. ತಾಯಿ ಜಗಲಿಯ ಮೇಲೆ ಕೂತಿರುವಾಗ ಹೆಂಡತಿಗೆ ಅಂತ ತಿಂಡಿ ಕಟ್ಟಿಸಿಕೊಂಡು ಬಂದ ಗಂಡಸು ಆಗ ಊರಲ್ಲಿ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ. ಎರಡು ತಂದು ಒಂದನ್ನು ಅತ್ತೆಗೆ ಕೊಟ್ಟರೆ ಆಗುತ್ತಿತ್ತಲ್ಲ ಅನ್ನುತ್ತೀರಿ. ಅಲ್ಲೇ ಇರುವುದು ತೊಡಕು. ಆ ಕಾಲದಲ್ಲಿ ಬನ್ನು, ಬ್ರೆಡ್ಡು ಅಂದರೆ ಕಾಯಿಲೆಯವರ ಊಟ. ಜ್ವರ ಬಂದರೆ ಹಾಲಿನಲ್ಲಿ ಅದ್ದಿ ಕೊಡುವುದು, ಆಸ್ಪತ್ರೆಗೆ ನೋಡಲು ಹೋಗುವಾಗ ಕಟ್ಟಿಸಿಕೊಂಡು ಹೋಗುವುದು, ಅಷ್ಟೇ. ಬನ್ನಿನ ಪೊಟ್ಟಣ ಹಿಡಿದು ಬೀದಿಯಲ್ಲಿ ನಡೆದರೆ ಎದುರಿಗೆ ಬಂದವರೆಲ್ಲ "ಯಾರಿಗೆ ಹುಷಾರಿಲ್ಲ?" ಅಂತ ಕೇಳುತ್ತಿದ್ದರು. ಗಟ್ಟಿಮುಟ್ಟಾಗಿರುವ ತಾಯಿಯ ಕೈಗೆ ಮಗ ಬನ್ನು ಕೊಡುವುದು ಅಂದರೆ ಅಪಶಕುನವೇ ಸರಿ.

ಆದರೂ ಆ ಶನಿವಾರ ಇವರು ತಂದೇಬಿಟ್ಟರು. ನಾನು ಅಂಗಳದಲ್ಲಿ ಒರಳಿಗೆ ಒಣಮೆಣಸಿನಕಾಯಿ ಹಾಕಿ ಕುಟ್ಟುತ್ತಿದ್ದೆ. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮಗ ಟವೆಲಿನಲ್ಲಿ ಏನನ್ನೋ ಸುತ್ತಿ ಕಂಕುಳಲ್ಲಿ ಅವುಚಿಕೊಂಡು ಬರುವುದು ನೂರು ಮಾರು ದೂರದಿಂದಲೇ ಅವರ ಕಣ್ಣಿಗೆ ಬಿತ್ತು.

"ಏನ್ಲಾ ಅದು ಕಂಕುಳಲ್ಲಿ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ಬನ್ನು ಕಣವ್ವ" ಅಂದರು.

"ಬನ್ನಾ! ಯಾರಿಗ್ಲಾ ಜ್ವರ?"

ಇವರು ಒಂದು ಸಲ ಆಕಾಶ ನೋಡಿದರು, ಒಂದು ಸಲ ನನ್ನನ್ನು ನೋಡಿದರು. "ಗಂಗೂಗೆ" ಅಂದುಬಿಟ್ಟರು.

ಒನಕೆ ಹಿಡಿದುಕೊಂಡು ನಿಂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಮೆಣಸಿನಕಾಯಿ ನನ್ನ ಮಾನ ಉಳಿಸಿತು. ಘಾಟಿಗೆ ನನ್ನ ಕಣ್ಣು ಕೆಂಪಾಗಿತ್ತು, ಮೂಗು ಸುರಿಯುತ್ತಿತ್ತು, ಬಿಸಿಲಿಗೆ ಹಣೆ ಕಾದಿತ್ತು. ಅತ್ತೆ ಎದ್ದು ಬಂದು ಹಣೆ ಮುಟ್ಟಿ ನೋಡಿದರು.

"ಅಯ್ಯೋ ಶಿವನೇ, ಕೆಂಡ ಆಗೈತಲ್ಲೇ! ಇಷ್ಟು ಜ್ವರ ಇಟ್ಕೊಂಡು ಮೆಣಸಿನಕಾಯಿ ಕುಟ್ತಾ ಇದೀಯಾ? ನಾನೇನು ರಾಕ್ಷಸೀನಾ? ನಡಿ ಒಳಕ್ಕೆ."

ನಡುಮನೆಯಲ್ಲಿ ಚಾಪೆ ಹಾಸಿ, ನನ್ನನ್ನು ಮಲಗಿಸಿ, ತಲೆಯಿಂದ ಕಾಲಿನವರೆಗೆ ಕರಿ ಕಂಬಳಿ ಹೊದಿಸಿ, ಪೊಟ್ಟಣವನ್ನು ಬಿಚ್ಚದೆ ಹಾಗೇ ನನ್ನ ಕೈಗೆ ಕೊಟ್ಟು, ಅತ್ತೆ ಮೆಣಸಿನ ಕಷಾಯ ಕಾಯಿಸಲು ಒಲೆಯ ಮುಂದೆ ಹೋದರು. ನಾನು ಕಂಬಳಿಯೊಳಗೆ ಪೇಪರು ಬಿಚ್ಚಿದೆ.

ಒಂದೂವರೆ ಮೈಲಿ ಕಂಕುಳಲ್ಲಿ ಬಂದ ಬನ್ನು ಚಪ್ಪಟೆಯಾಗಿತ್ತು. ಗೊಜ್ಜು ಬನ್ನಿನೊಳಗೆ ಇಳಿದಿತ್ತು. ಕಡ್ಡಿಗಳು ಬೆವೆತು ಮೆತ್ತಗಾಗಿ, ಒಂದಕ್ಕೊಂದು ಅಂಟಿಕೊಂಡು, ಪೇಪರಿನ ಶಾಯಿಯ ವಾಸನೆ ಹಿಡಿದಿದ್ದವು. ಅಬ್ಬ, ಆ ರುಚಿಯನ್ನು ಹೇಗೆ ಹೇಳಲಿ! ಬೆಲ್ಲದ ಸಿಹಿ, ಹಸಿಮೆಣಸಿನ ಖಾರ, ಬೆಣ್ಣೆ, ಈರುಳ್ಳಿ, ಎಲ್ಲವೂ ಒಟ್ಟಿಗೆ ಬಾಯಿಗೆ ಬಂದವು. ಸದ್ದು ಮಾಡದೆ ಅಗಿಯಬೇಕು, ಅದೊಂದು ಕಷ್ಟ. ಕಡ್ಡಿ ಮೆತ್ತಗಿದ್ದದ್ದೇ ಒಳ್ಳೆಯದಾಯಿತು. ಗರಿಗರಿಯಾಗಿದ್ದರೆ ಸಿಕ್ಕಿಬೀಳುತ್ತಿದ್ದೆ.

ಆಮೇಲೆ ಶುರುವಾಯಿತು ನೋಡಿ ನನ್ನ ಶನಿವಾರದ ಜ್ವರ. ಒಂದು ಶನಿವಾರ ಬಿಟ್ಟು ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ನನಗೆ ಚಳಿ ಹತ್ತುತ್ತಿತ್ತು. ಇವರು ಪೊಟ್ಟಣ ತರುತ್ತಿದ್ದರು. ಅತ್ತೆ ಕಂಬಳಿ ತರುತ್ತಿದ್ದರು. ಆರು ಗಂಟೆಗೆ ಜ್ವರ ಬಿಟ್ಟು, ನಾನು ಎದ್ದು ಮುದ್ದೆಗೆ ಎಸರಿಡುತ್ತಿದ್ದೆ. ಪಕ್ಕದ ಮನೆಯ ಪಾಪಮ್ಮ ಇದನ್ನು ಕೇಳಿ, "ಶನಿವಾರವೇ ಬರುತ್ತೆ ಅಂದ್ರೆ ಇದು ಬರೀ ಜ್ವರ ಅಲ್ಲ ಅಕ್ಕಯ್ಯಕ್ಕ, ಏನೋ ಗಾಳಿ ಸೋಕೈತೆ" ಅಂತ ಹುಳ ಬಿಟ್ಟಳು. ಅತ್ತೆ ನನ್ನನ್ನು ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿಗೆ ನಡೆಸಿಕೊಂಡು ಹೋಗಿ ತೋಳಿಗೆ ದಾರ ಕಟ್ಟಿಸಿದರು. ಸಾಲದ್ದಕ್ಕೆ, ಸೊಸೆಯ ಜ್ವರ ಬಿಡಲಿ ಅಂತ ಪ್ರತಿ ಶನಿವಾರ ತಾವು ಒಪ್ಪತ್ತು ಇರುವುದಾಗಿ ಆಂಜನೇಯನಿಗೆ ಹೇಳಿಕೊಂಡರು. ಅಂದರೆ ಇಡೀ ದಿನಕ್ಕೆ ಒಂದೇ ಹೊತ್ತಿನ ಊಟ.

ಆಗ ನನಗೆ ನಗು ಬಂತೇ ಹೊರತು ನಾಚಿಕೆಯಾಗಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಬಾವಿಕಟ್ಟೆಯಲ್ಲಿ ಗಂಡ ಹೆಂಡತಿ ಬಾಯಿಗೆ ಸೆರಗು, ಟವೆಲು ತುರುಕಿಕೊಂಡು ನಕ್ಕಿದ್ದೇ ನಕ್ಕಿದ್ದು. ಅತ್ತೆಯ ಬಾಯಿ ಜೋರು. ಸಾರಿಗೆ ಉಪ್ಪು ಹೆಚ್ಚಾದರೆ ಕೆಂಗೇರಿಯವರೆಗೆ ಕೇಳಿಸುವ ಹಾಗೆ ನನ್ನ ತವರನ್ನು ಬೈಯುತ್ತಿದ್ದರು. ಇದು ನನ್ನ ಬಡ್ಡಿ ಅಂದುಕೊಂಡು ಸಮಾಧಾನವಾಗಿ ಚಪ್ಪರಿಸಿದೆ.

ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ನಾನು ಬಸುರಿಯಾದೆ. ಎಣ್ಣೆಯ ವಾಸನೆಗೇ ವಾಂತಿ. ಬಾಣಂತನಕ್ಕೆ ಕೆಂಗೇರಿಗೆ ಹೋಗಿ, ಮಗಳನ್ನು ಎತ್ತಿಕೊಂಡು ವಾಪಸು ಬರುವ ಹೊತ್ತಿಗೆ ಕಾರ್ಖಾನೆಯವರು ಒಳಗೇ ಕ್ಯಾಂಟೀನು ತೆರೆದಿದ್ದರು. ಹೊಂಗೆ ಮರದ ಕೆಳಗೆ ಉಗ್ರಪ್ಪನ ಗಾಡಿ ಇರಲಿಲ್ಲ. ಎಲ್ಲಿಗೆ ಹೋದ ಅಂತ ಯಾರಿಗೂ ಗೊತ್ತಿರಲಿಲ್ಲ. ನನ್ನ ಜ್ವರವೂ ಅಲ್ಲಿಗೆ ವಾಸಿಯಾಯಿತು. ಅತ್ತೆ ಮಾತ್ರ ಶನಿವಾರದ ಒಪ್ಪತ್ತನ್ನು ಬಿಡಲಿಲ್ಲ.

ಐವತ್ತೆಂಟರ ದೀಪಾವಳಿ ಕಳೆದ ಮೇಲೆ ಅತ್ತೆ ಹಾಸಿಗೆ ಹಿಡಿದರು. ಮೊದಲು ಕಾಲು ಊದಿತು, ಆಮೇಲೆ ಉಸಿರಿಗೆ ಕಷ್ಟವಾಯಿತು. ಮನೆಗೆ ಬಂದು ನೋಡಿದ ಡಾಕ್ಟರು ಇವರನ್ನು ಅಂಗಳಕ್ಕೆ ಕರೆದು, ಗುಂಡಿಗೆ ಸೋತಿದೆ, ಇನ್ನು ಹೆಚ್ಚು ದಿನವಿಲ್ಲ, ಏನು ಕೇಳಿದರೂ ಕೊಡಿ ಅಂದು ಹೋದರು. ಅತ್ತೆ ಏನನ್ನೂ ಕೇಳಲಿಲ್ಲ. ಗಂಜಿ ಬೇಡ, ಹಣ್ಣು ಬೇಡ. ಮೂರು ದಿನ ಬರೀ ನೀರಿನ ಮೇಲೆ ಇದ್ದರು. ಆ ಜೋರು ಬಾಯಿ ಮುಚ್ಚಿಕೊಂಡು ಬಿದ್ದಿರುವುದನ್ನು ನೋಡಿ ನನಗೆ ಹೆದರಿಕೆಯಾಯಿತು. ಬೈಯಲಿ ದೇವರೇ, ಒಂದು ಸಲ ನನ್ನ ತವರನ್ನು ಬೈಯಲಿ ಅಂತ ಬೇಡಿಕೊಂಡೆ.

ಇವರು ಮಾಗಡಿ ರಸ್ತೆಯ ಬೇಕರಿಯಿಂದ ಬನ್ನು ತಂದರು. ನಾನು ಅದನ್ನು ಬಿಸಿ ಹಾಲಿನಲ್ಲಿ ಅದ್ದಿ ಚಮಚದಲ್ಲಿ ಬಾಯಿಗಿಟ್ಟೆ. ಅತ್ತೆ ತುಟಿ ಬಿಗಿದು ಮುಖ ತಿರುಗಿಸಿದರು.

"ಇದಲ್ಲ ಕಣೇ."

"ಮತ್ತೇನು ಬೇಕು ಅತ್ತೆ? ಹೇಳಿ, ಮಾಡ್ಕೊಡ್ತೀನಿ."

"ಅದು ಕಣೇ. ಆಲೂಗೆಡ್ಡೆ ಇಟ್ಟಿದ್ದು. ಕಡ್ಡಿ ಇರ್ತಿತ್ತಲ್ಲ, ಅದು."

ನನ್ನ ಕೈಯಲ್ಲಿದ್ದ ಚಮಚ ಬಟ್ಟಲಿಗೆ ಬಿತ್ತು.

"ನಿಮಗೆ... ನಿಮಗೆ ಹೆಂಗೆ ಗೊತ್ತು ಅತ್ತೆ?"

"ಜ್ವರ ಬಂದೋಳು ಹೊದ್ದ ಕಂಬಳೀಲಿ ಈರುಳ್ಳಿ ವಾಸನೆ ಬರುತ್ತೇನೇ?" ಅಂದರು. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. "ಗಾಳಿ ಆಂಜನೇಯನ ಗುಡಿಗೆ ಹೋಗಿಬಂದ ಮುಂದಿನ ವಾರವೇ ಗೊತ್ತಾಯ್ತು. ಕಂಬಳಿ ಕೊಡವಿದೆ. ಎರಡು ಕಡ್ಡಿ ಬಿತ್ತು. ಒಂದನ್ನ ಬಾಯಿಗೆ ಹಾಕ್ಕೊಂಡೆ. ಆಮೇಲೆ ಇನ್ನೊಂದನ್ನೂ ಹಾಕ್ಕೊಂಡೆ."

ನಾನು ಬಟ್ಟಲನ್ನು ಕೆಳಗಿಟ್ಟೆ.

"ಎಷ್ಟು ಚೆನ್ನಾಗಿತ್ತೇ!" ಅಂದರು. "ಆಮೇಲೆ ಪ್ರತಿ ಸಲ ಕಂಬಳಿ ಕೊಡವ್ತಿದ್ದೆ. ನೀನು ಬಕಾಸುರನ ಮಗಳು, ಮತ್ತೆ ಒಂದೂ ಉಳಿಸಲಿಲ್ಲ."

"ಗೊತ್ತಿದ್ದೂ ಯಾಕೆ ಬೈಲಿಲ್ಲ ಅತ್ತೆ? ಯಾಕೆ ಸುಮ್ಮನಿದ್ರಿ?"

"ಏನಂತ ಬೈಲಿ? ಗಂಡ ಅನ್ನೋನು ಹೆಂಡ್ತಿಗೆ ಏನೋ ಆಸೆಪಟ್ಟು ತರ್ತಾನೆ. ನಿಮ್ಮ ಮಾವ ಇಪ್ಪತ್ತು ವರ್ಷ ಸಂಸಾರ ಮಾಡಿದ್ರು. ಒಂದು ಕಡ್ಲೆಕಾಯಿ ಸುಲಿದು ನನ್ನ ಕೈಗೆ ಕೊಟ್ಟೋರಲ್ಲ. ನನ್ನ ಮಗ ಹಂಗಾಗಲಿಲ್ಲವಲ್ಲ ಅಂತ ಸುಮ್ಮನಿದ್ದೆ."

"ಮತ್ತೆ ಒಪ್ಪತ್ತು ಯಾಕೆ ಇದ್ರಿ?"

"ದೇವರಿಗೆ ಹೇಳಿದ ಮಾತು ಕಣೇ. ನೀನು ಸುಳ್ಳು ಹೇಳ್ದೆ ಅಂತ ನಾನೂ ಹೇಳೋಕಾಗುತ್ತಾ?"

ನಾನು ಅಡುಗೆಮನೆಗೆ ಓಡಿಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಎಷ್ಟು ಶನಿವಾರ! ನಾನು ಕಂಬಳಿಯೊಳಗೆ ಬಾಯಿ ಚಪ್ಪರಿಸುವಾಗ ಆ ಹೆಂಗಸು ಹಸಿದ ಹೊಟ್ಟೆಯಲ್ಲಿ ನನಗೆ ಕಷಾಯ ಕಾಯಿಸುತ್ತಿತ್ತು. ಒಂದು ತುಂಡು ಕೊಡಬೇಕು ಅಂತ ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಅವರಿಗೂ ಬಾಯಿದೆ, ನಾಲಿಗೆಯಿದೆ, ಆಸೆಯಿದೆ ಅಂತ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಥೂ, ನನ್ನ ಜನ್ಮಕ್ಕೆ.

ಇವರು ಎರಡು ದಿನ ರಜೆ ಹಾಕಿ ಉಗ್ರಪ್ಪನನ್ನು ಹುಡುಕಿದರು. ಕಾರ್ಖಾನೆಯ ಗೇಟುಗಳಲ್ಲಿ ವಿಚಾರಿಸಿದರು. ದಂಡಿಗೆ ಹೋದ ಅಂತ ಯಾರೋ ಅಂದಿದ್ದಕ್ಕೆ ದಂಡಿನ ಬೀದಿಗಳನ್ನೆಲ್ಲ ಸುತ್ತಿ ಬಂದರು. ಶುಕ್ರವಾರ ಸಂಜೆ ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕುಸಿದು ಕೂತರು.

"ಸಿಗಲಿಲ್ಲ ಗಂಗೂ."

"ಸಿಗದಿದ್ರೆ ಬೇಡ. ನಾಳೆಯೂ ರಜೆ ಹಾಕಿ, ಬೆಳಗ್ಗೆಯೇ ಬನ್ನು, ಬೆಣ್ಣೆ ತನ್ನಿ. ನಾನೇ ಮಾಡ್ತೀನಿ" ಅಂದೆ.

ಬುಧವಾರ ಅತ್ತೆ ತೀರಿಕೊಂಡರು. ಆದರೆ ನಾನು ಹೇಳಬೇಕಾಗಿರುವುದು ಅದಕ್ಕೆ ಮುಂಚಿನ ಆ ಶನಿವಾರದ ಮಾತು.

ಬೆಳಗ್ಗೆಯೇ ಒಲೆ ಹಚ್ಚಿದೆ. ಬಾವಿಕಟ್ಟೆಯಲ್ಲಿ ಕೇಳಿದ ವರ್ಣನೆಯನ್ನೆಲ್ಲ ನೆನಪಿಸಿಕೊಂಡು ಗೊಜ್ಜು ಕುದಿಸಿದೆ, ಬಿಲ್ಲೆ ತಟ್ಟಿದೆ, ಕಡ್ಡಿ ಕರಿದೆ. ಹೊಂಬಣ್ಣ ಬಂದು ಗರಿಗರಿಯಾಗಿದ್ದವು. ತಟ್ಟೆಯಲ್ಲಿಟ್ಟು ಹೆಮ್ಮೆಯಿಂದ ಅತ್ತೆಯ ಮುಂದೆ ಹಿಡಿದೆ. ಅವರು ಒಂದು ಕಡ್ಡಿಯನ್ನು ಬಾಯಿಗಿಟ್ಟು, ಉಳಿದ ನಾಲ್ಕು ಹಲ್ಲಿನಲ್ಲಿ ಕಡಿಯಲು ಒದ್ದಾಡಿ, ಹೊರಗೆ ತೆಗೆದು ತಟ್ಟೆಯ ಅಂಚಿಗಿಟ್ಟರು.

"ಇದು ನಮ್ಮನೇದು. ಅದಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಬೆಳಗಿನಿಂದ ಬೆಂದು ಮಾಡಿದ್ದೀನಲ್ಲ! ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಬಂದು ದಡಾರನೆ ಇಟ್ಟೆ. ಸಿಟ್ಟಿನಲ್ಲೇ ಒಂದು ಕಡ್ಡಿ ಬಾಯಿಗೆ ಹಾಕಿಕೊಂಡೆ. ನಿಜ, ಅದಲ್ಲ. ಉಪ್ಪು ಸರಿಯಿತ್ತು, ಎಣ್ಣೆಯೂ ಅದೇ. ಆದರೂ ಅದಲ್ಲ. ಏನು ಕಡಿಮೆಯಾಗಿದೆ ಅಂತ ಯೋಚಿಸುತ್ತಾ ನಿಂತವಳಿಗೆ ಬಾಗಿಲಲ್ಲಿ ನಿಂತಿದ್ದ ಇವರು ಕಂಡರು. ಹೆಗಲ ಮೇಲೆ ಅದೇ ಟವೆಲ್ ಇತ್ತು.

"ನಡೀಬೇಕು" ಅಂದೆ.

"ಏನು?"

"ಇದು ನಡೆದು ಬರಬೇಕು ಕಣ್ರೀ. ನಿಮ್ಮ ಕಂಕುಳಲ್ಲಿ."

ಬನ್ನಿಗೆ ಬಿಲ್ಲೆ, ಈರುಳ್ಳಿ, ಗೊಜ್ಜು ಇಟ್ಟು, ಪಕ್ಕಕ್ಕೆ ಕಡ್ಡಿ ಸುರಿದು, ಹಳೆಯ ಪೇಪರಿನಲ್ಲಿ ಬಿಗಿಯಾಗಿ ಕಟ್ಟಿ, ಟವೆಲಿನಲ್ಲಿ ಸುತ್ತಿ ಕೊಟ್ಟೆ. ಇವರು ಖಾಕಿ ಅಂಗಿ ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟರು. ಹೊಲದ ಬದುವಿನ ಮೇಲೆ ಸರಸರನೆ ನಡೆದು ಮರೆಯಾಗುವವರೆಗೆ ನೋಡುತ್ತಾ ನಿಂತೆ. ಕಾರ್ಖಾನೆಯ ಗೇಟಿನ ಎದುರಿನ ಹೊಂಗೆ ಮರ ಮುಟ್ಟಿ ವಾಪಸು ಬಂದೆ ಅಂತ ಆಮೇಲೆ ಹೇಳಿದರು.

ಅವರು ಬರುವಾಗ ಎರಡು ಗಂಟೆ ದಾಟಿತ್ತು. ನಾನು ಅತ್ತೆಯ ಕಾಲು ನೀವುತ್ತಾ ಕೂತಿದ್ದೆ. ಅತ್ತೆ ಅದೇ ಕರಿ ಕಂಬಳಿ ಹೊದ್ದು ಕಣ್ಣು ಮುಚ್ಚಿದ್ದರು. ಮನೆ ತುಂಬ ಕರಿದ ಎಣ್ಣೆಯ ವಾಸನೆ ತುಂಬಿತ್ತು, ಅವರಿಗೆ ಗೊತ್ತಾಗದೆ ಇರಲಿಲ್ಲ. ಮುಂಬಾಗಿಲಲ್ಲಿ ಮಗನ ಹೆಜ್ಜೆ ಕೇಳಿ ಕಣ್ಣು ತೆರೆದರು.

"ಏನ್ಲಾ ಅದು ಕಂಕುಳಲ್ಲಿ?"

ಇವರು ಪೊಟ್ಟಣವನ್ನು ಇನ್ನಷ್ಟು ಅವುಚಿಕೊಂಡರು. "ಬನ್ನು ಕಣವ್ವ."

"ಯಾರಿಗ್ಲಾ ಜ್ವರ?"

ಇವರು ಬಾಗಿಲ ಕಡೆ ತಿರುಗಿ ನಿಂತುಬಿಟ್ಟರು. ನಾನೇ ಉತ್ತರ ಕೊಡಬೇಕಾಯಿತು. "ನಿಮಗೇ ಅತ್ತೆ" ಅಂದೆ.

"ಹಂಗಾದ್ರೆ ಕೊಡು."

ಪೊಟ್ಟಣ ಬಿಚ್ಚಿದೆ. ಬನ್ನು ಚಪ್ಪಟೆಯಾಗಿತ್ತು. ಕಡ್ಡಿಗಳು ಬೆವೆತು ಒಂದಕ್ಕೊಂದು ಅಂಟಿಕೊಂಡಿದ್ದವು. ಅತ್ತೆ ಒಂದನ್ನು ಬಾಯಿಗಿಟ್ಟು ತುಂಬ ಹೊತ್ತು ಚೀಪಿದರು. "ಹ್ಞೂಂ. ಇದೇ ಕಣೇ" ಅಂದರು. ಅವರ ಕಣ್ಣಂಚಿನಲ್ಲಿ ನೀರು ಬಂತು. ನಾನು ಬನ್ನನ್ನು ಚಿಕ್ಕ ಚಿಕ್ಕದಾಗಿ ಮುರಿದು ತಿನ್ನಿಸಿದೆ. ನಾಲ್ಕು ತುತ್ತು ತಿಂದರು. ಐದಾರು ದಿನದಲ್ಲಿ ಅದೇ ಮೊದಲ ಊಟ.

"ಅತ್ತೆ, ಇವತ್ತು ಶನಿವಾರ. ಬೆಳಗ್ಗೆ ಬೇರೆ ಕಡ್ಡಿ ಬಾಯಿಗಿಟ್ರಿ, ಈಗ ಇದು. ನಿಮ್ಮ ಒಪ್ಪತ್ತು?" ಅಂದೆ.

"ಆಂಜನೇಯ ಇನ್ನೇನು ಎದುರಿಗೇ ಸಿಗ್ತಾನಲ್ಲ. ನಾನು ಹೇಳ್ಕೋತೀನಿ ಬಿಡು."

ಉಳಿದ ಅರ್ಧ ಬನ್ನನ್ನು ನಾನು ಮತ್ತೆ ಪೇಪರಿನಲ್ಲಿ ಸುತ್ತಲು ಹೋದೆ. ಅತ್ತೆ ನನ್ನ ಕೈ ಹಿಡಿದುಕೊಂಡರು. ಆ ಕೈಯಲ್ಲಿ ಶಕ್ತಿಯೇ ಇರಲಿಲ್ಲ, ಆದರೂ ಬಿಡಲಿಲ್ಲ.

"ಅದು ನಿಂದು. ನಿಂಗೂ ಜ್ವರ ಅಲ್ವೇನೇ?"

"ಅತ್ತೆ, ತಪ್ಪಾಯ್ತು..." ಅಂತ ಶುರು ಮಾಡಿದೆ.

"ಸುಮ್ನಿರು. ಪಾಪಮ್ಮ ನೋಡಿದ್ರೆ ಊರೆಲ್ಲ ಡಂಗುರ ಹೊಡೀತಾಳೆ" ಅಂತ ಅತ್ತೆ ಕಂಬಳಿಯ ಅಂಚನ್ನು ಎತ್ತಿ ಹಿಡಿದರು. "ಒಳಗೆ ಬಾ."

ನಾನು ಕಂಬಳಿಯೊಳಗೆ ಹೋದೆ. ಅಲ್ಲಿ ಈರುಳ್ಳಿಯ ವಾಸನೆ ಇತ್ತು. ಅತ್ತೆ ತಡಕಾಡಿ ಒಂದು ಕಡ್ಡಿ ಹುಡುಕಿ ನನ್ನ ಬಾಯಿಗಿಟ್ಟರು.